ನೀರಹನಿ

ಇಜ್ಮಿರಿನ ಹಳೇ ಪೇಟೆಯಲ್ಲಿ
ಗುಂಡಿ-ಲೇಸು ಮಾರುವವನಿಗೂ ಹುರಿಗಡಲೆ ಅಂಗಡಿಗೂ ನಡುವೆ
ಒಂದು ಬಾಗಿಲಿನಷ್ಟೇ ಅಗಲ ನನ್ನ ಜಾಗ.
ಕುಳಿತರೆ ಮೊಣಕಾಲು ಬೀದಿಗೆ.

ಶೆವ್ಕಿ ಬಂದ. ಹಡಗುಕಟ್ಟೆಯಲ್ಲಿ ಹಗ್ಗ ಎಸೆಯುವವನು,
ದಿನಕ್ಕೆ ಮೂವತ್ತು ಸಲ ಹಡಗನ್ನು ದಡಕ್ಕೆ ಕಟ್ಟಿ ಬಿಚ್ಚುವವನು.
ಕರವಸ್ತ್ರದ ಗಂಟಿನಿಂದ ತೆಗೆದ:
ನೀಲಿ ಮುಖ, ಉಕ್ಕಿನ ಪಟ್ಟಿ,
ದೂರಕ್ಕೆ ಯಾವನೋ ಬ್ಯಾಂಕಿನ ಯಜಮಾನನದೇ ಅನ್ನಬೇಕು.
"ವಾರದ ಕೂಲಿ ಸುರಿದೆ, ನೆಬಾಹತ್ ಅಕ್ಕ.
ಮೋಸ ಹೋದೆನಾ?"

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಗಡಿಯಾರಕ್ಕೆ ಬೇಕು.
ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೆ.

ಮೊದಲು ಹೆಸರು. ಯಾರೂ ಕೇಳದ ಹೆಸರು,
ಆದರೆ ಅದರದೇ ಹೆಸರು.
ಅಲ್ಲಿಗೆ ಅರ್ಧ ಉಸಿರು ಬಿಟ್ಟೆ.
ದೊಡ್ಡವರ ಅಂಗಿ ನೋಡಿ ಅದೇ ಥರ ಹೊಲಿಸಿಕೊಳ್ಳುವುದು ಬೇರೆ,
ಅವರಪ್ಪನನ್ನು ನಮ್ಮಪ್ಪ ಅನ್ನುವುದು ಬೇರೆ.
ಎರಡನೆಯದನ್ನು ನಾನು ಮುಟ್ಟುವುದಿಲ್ಲ.

ಬೆರಳದ್ದಿ ಗಾಜಿನ ಮೇಲೆ ಒಂದು ಹನಿ ಬಿಟ್ಟೆ.
ಸಾಧಾರಣ ಗಾಜಾದರೆ ಹನಿ ಸೋತು ಹರಡುತ್ತದೆ.
ಇದರ ಮೇಲೆ ಗುಂಡಗೆ ಕೂತಿತು,
ಊಟಕ್ಕೆ ಏಳದ ಮೊಂಡು ಕೂಸಿನ ಹಾಗೆ.
"ಗಾಜು ಗಟ್ಟಿ," ಅಂದೆ. "ನಿನ್ನ ಕೈಯ ಉಪ್ಪು ಇದನ್ನು ಗೀರಲಾರದು."

ಹನ್ನೆರಡರ ಗುರುತು ಕೂದಲೆಳೆಯಷ್ಟು ಎಡಕ್ಕೆ.
ತಾರೀಖು ಕಿಟಕಿಯ ನಡುವೆ ನಿಲ್ಲದೆ
ಚೌಕಟ್ಟಿಗೆ ಒರಗಿದೆ, ಬಾಡಿಗೆ ಬಾಕಿಯಿರುವವನಂತೆ.
ಪಟ್ಟಿಯ ಅಂಚು ಚೂಪು, ಕೈಕೂದಲು ಕೀಳುತ್ತದೆ.

ಬೆನ್ನು ಬಿಚ್ಚಿದೆ.
ಮೇಲೆ ಥಳುಕು ಒಳಗೆ ಹುಳುಕು ಅಂತಾರೆ;
ಇಲ್ಲಿ ತಿರುವುಮುರುವು.
ಒಳಗೆ ಜಪಾನಿನ ಯಂತ್ರ, ಅಲಂಕಾರವಿಲ್ಲ, ನಾಚಿಕೆಯೂ ಇಲ್ಲ,
ಇಟ್ಟಿಗೆ ಹೊರುವ ಹೆಂಗಸಿನ ಹಾಗೆ ನಡೆಯುತ್ತಲೇ ಇದೆ.
ದಿನಕ್ಕೆ ಹನ್ನೊಂದು ಸೆಕೆಂಡು ಹಿಂದೆ.

"ಕೊಂಡಿಯೊಂದು ಮಾತ್ರ ಮೀನಿನ ಡಬ್ಬಿಯ ತಗಡು.
ಹುಷಾರು. ಉಳಿದದ್ದಕ್ಕೆ ನೀನು ಕೊಟ್ಟದ್ದು ನ್ಯಾಯದ ಬೆಲೆ."

ಶೆವ್ಕಿ ಏಳಲಿಲ್ಲ.
ಚಹಾ ತಣ್ಣಗಾದ ಮೇಲೆ ನಿಜವಾದ ಪ್ರಶ್ನೆ ಬಂತು:
"ಮಗಳ ಮದುವೆ. ಬೀಗರ ಕಡೆ ಒಬ್ಬ ಚಿಕ್ಕಪ್ಪ, ಹತ್ತಿ ಮಂಡಿಯವನು,
ಅವನ ಕೈಯಲ್ಲಿ ಅಸಲಿ ಇದೆ.
ಗುರುತು ಹಿಡೀತಾನಾ?"

ಇದಕ್ಕೆ ನನ್ನ ಪೆಟ್ಟಿಗೆಯಲ್ಲಿ ಉಪಕರಣವಿಲ್ಲ.
ಒಂದು ಮಾರು ದೂರಕ್ಕೆ ಇಲ್ಲ ಅಂದೆ.
ಒಂದು ಗೇಣಿಗೆ, ಹೂಂ.

ಮದುವೆಯಾಗಿ ಒಂಬತ್ತು ದಿನಕ್ಕೆ ಬಂದ. ಕೊಂಡಿ ಬಾಗಿತ್ತು.

ಮಗಳ ಕೆಂಪು ರಿಬ್ಬನ್ನಿಗೆ ಚಿನ್ನದ ಬಿಲ್ಲೆ ಚುಚ್ಚುವಾಗ
ಕೈ ನಡುಗಿತಂತೆ. ಕೊಂಡಿ ಬಿಚ್ಚಿ
ಗಡಿಯಾರ ಜಾರಿ ಅಮೃತಶಿಲೆಯ ನೆಲಕ್ಕೆ.
ವಾದ್ಯದವರೂ ಒಂದು ಗಳಿಗೆ ನಿಲ್ಲಿಸಿದರೆಂದು ಅವನ ಲೆಕ್ಕ.
(ನಿಲ್ಲಿಸಿರಲಾರರು.)
ಬಗ್ಗಿ ಎತ್ತಿಕೊಂಡವನು ಅದೇ ಚಿಕ್ಕಪ್ಪ.

"ನೋಡಿದನಾ?"
"ಇಲ್ಲ ಅಕ್ಕ, ಕಿವಿಗಿಟ್ಟುಕೊಂಡ.
ಹಳೇ ಕಾಲದವರು ಇಡ್ತಾರಲ್ಲ, ಹಾಗೆ, ಕಣ್ಣು ಮುಚ್ಚಿ.
ನಡೀತಾ ಇದೆ ಅಂದ. ನನ್ನ ಅಂಗೈಗೆ ಹಾಕಿ, ಬೆರಳು ಮಡಿಸಿದ."

ಅಷ್ಟೇನಾ?
ಅಷ್ಟೇ. ಆಮೇಲೆ ಪಾಯಸ ಬಡಿಸಿದರಂತೆ, ಸಕ್ಕರೆ ಜಾಸ್ತಿ.

ಹಳೇ ಡಬ್ಬದಲ್ಲಿ ಹುಡುಕಿ ದಪ್ಪ ಕೊಂಡಿ ಹಾಕಿದೆ.
ಹೊಂದದ ಕೊಂಡಿ, ಬಣ್ಣ ತುಸು ಮಾಸಲು,
ಆದರೆ ಮುಚ್ಚುವಾಗ ಬಾಗಿಲ ಅಗುಳಿಯ ಸದ್ದು.
"ಆ ಹನ್ನೊಂದು ಸೆಕೆಂಡನ್ನೂ ಸರಿಮಾಡಲಾ?"

"ಬೇಡ," ಅಂದ, "ನಮ್ಮ ಹಡಗು ಅದಕ್ಕಿಂತ ಹಿಂದೆ."
ಅಂದವನೇ ಕೈ ನೋಡಿಕೊಂಡು, ಅಯ್ಯೋ,
ಆರೂ ನಲವತ್ತರದು,
ಹುರಿಗಡಲೆ ಮೂಟೆ ಎಡವಿಕೊಂಡು ಓಡಿದ.