ಹೊರಮೈ, ಒಳಮೈ

ಸಿತ್ರಾದಲ್ಲಿ ಬೆಳಗಿನ ಐದೂವರೆಗೇ
ಗೋಡೆ ಬೆವರುತ್ತದೆ.
ನಮ್ಮ ಶೆಡ್ಡಿನ ತಗಡು, ಆಚೆಯ ಎಣ್ಣೆಪೈಪು,
ಬಾಗಿಲ ಚಿಲಕ, ಎಲ್ಲ ಒದ್ದೆ.
ಆಗಸ್ಟಿನಲ್ಲಿ ಇಲ್ಲಿ ಒಣಗುವುದು ಗಂಟಲೊಂದೇ.

ಊರಿಗೆ ಫೋನು ಮಾಡಿದರೆ
"ಬಟ್ಟೆಗೆ ಮದ್ದು ಹಾಕುತ್ತೇನೆ" ಅನ್ನುತ್ತೇನೆ.
"ಹೊಲಕ್ಕೆ ಹೊಡೆಯೋ ಹಾಗಾ?" ಅನ್ನುತ್ತಾಳೆ ಅತ್ತಿಗೆ.
ಹೆಚ್ಚುಕಡಿಮೆ ಹಾಗೇ.
ಲ್ಯಾಬಿನವರ ಬಿಳಿ ಕೋಟಿನ ಥಾನು
ತೊಟ್ಟಿಯಲ್ಲಿ ಅದ್ದಿ, ರೋಲರಿನಲ್ಲಿ ಹಿಂಡಿ,
ನೂರೈವತ್ತು ಡಿಗ್ರಿಯಲ್ಲಿ ಮೂರು ನಿಮಿಷ ಬೇಯಿಸಿದರೆ
ನೂಲಿಗೆ ಕೆಸುವಿನೆಲೆಯ ಗುಣ:
ಬಿದ್ದ ಹನಿ ದುಂಡಗಾಗಿ
ಮುನಿದ ನೆಂಟನ ಹಾಗೆ
ಕೂರದೆ ಎದ್ದು ಹೊರಡುತ್ತದೆ.

ಪರೀಕ್ಷೆ ಹೀಗೆ. ಓರೆಯಾಗಿಟ್ಟ ದೋಣಿ,
ಅದರಲ್ಲಿ ಬಟ್ಟೆ, ಬಟ್ಟೆಯಡಿ ಸೋಸುಕಾಗದ.
ಹತ್ತು ಸೆಕೆಂಡು ಆಸಿಡ್ ಸುರಿದು
ಒಂದು ನಿಮಿಷ ಕಾಯಬೇಕು,
ಕೆಳಗಿನ ಬಟ್ಟಲಿಗೆ ಜಾರಿದ್ದನ್ನು ತೂಗಬೇಕು.
ನನ್ನ ಬಟ್ಟೆಗೆ ನೂರಕ್ಕೆ ತೊಂಬತ್ತಾರು!
ಕಾಗದ ಬಿಳಿಯಾಗಿಯೇ ಇತ್ತು.
ರೊಡೆಲ್ ಬೆನ್ನು ತಟ್ಟಿದ, ಚಹಾ ತರಿಸಿದ,
ಸರ್ಟಿಫಿಕೇಟಿಗೆ ಮೊಹರು ಬಿತ್ತು.

ಹದಿನೆಂಟು ದಿನಕ್ಕೆ
ಅದೇ ಕೋಟು ತೊಟ್ಟ ಬದ್ರಿಯಾಳ ಮುಂಗೈ ಸುಟ್ಟಿತು.

ತನಿಖೆಗೆ ನನ್ನನ್ನೂ ಕರೆದರು.
ಪಂಚನಾಮೆಗೆ ಇಟ್ಟ ಹಾಗೆ ಮೇಜಿನ ಮೇಲೆ ಕೋಟು.
ಹುಡುಕಿದರೆ ಒಂದು ತೂತಿಲ್ಲ, ಒಂದು ಕಲೆಯಿಲ್ಲ.
ತೋಳಿನಲ್ಲಿ ಮಾತ್ರ ನಾಲ್ಕು ಅಡ್ಡ ಗೆರೆ,
ಮಡಿಚಿ ಮೇಲೇರಿಸಿದ ಗುರುತು.
"ಯಾಕೆ ಮಡಿಚಿದೆ?" ಎಂದರು ಅಧಿಕಾರಿ.
ಅವಳು ನನ್ನ ಕಡೆ ತಿರುಗಿದಳು:
"ನಿನ್ನ ಬಟ್ಟೆಯೊಳಗೆ
ನೀನು ಒಂದಾದರೂ ಮಧ್ಯಾಹ್ನ ಕಳೆದಿದ್ದೀಯಾ?"

ಕಳೆದಿರಲಿಲ್ಲ.
ಮರುದಿನ ಕತ್ತಿನವರೆಗೆ ಗುಂಡಿ ಹಾಕಿಕೊಂಡು
ಒಲೆಯ ಪಕ್ಕ ನಿಂತೆ.
ತಾಸಿನೊಳಗೆ ಬೆನ್ನು ಕೋಡಿ ಬಿತ್ತು.
ಹೊರಗಿನದನ್ನು ಒಳಗೆ ಬಿಡದ ಬಟ್ಟೆ
ಒಳಗಿನದನ್ನೂ ಹೊರಗೆ ಬಿಡಲಿಲ್ಲ.
ನೋಡಿದರೆ, ನನ್ನ ಕೈಯೇ
ನನ್ನ ತೋಳು ಮಡಿಚತೊಡಗಿತ್ತು.

ಅಜ್ಜಿ ನೆನಪಾದಳು.
ಹೊಳಲ್ಕೆರೆ ಕಡೆಯ ಹಳ್ಳ, ಚೌಳು ಮಣ್ಣು, ಉಬ್ಬೆಯ ಹಬೆ.
ಯಾರ ಬಟ್ಟೆ ಯಾರದೆಂದು ತಿಳಿಯಲು
ಕರಿಗೇರಿನ ರಸದಲ್ಲಿ ಗುರುತು ಬರೆಯುತ್ತಿದ್ದಳು:
ಗೌಡರಿಗೆ ಎರಡು ಚುಕ್ಕೆ, ಶಾನುಭೋಗರಿಗೆ ಗೀಟು,
ಮೇಷ್ಟರಿಗೆ ಪುಟ್ಟ ಕೊಡೆ.
ಎಷ್ಟು ಒಗೆದರೂ ಹೋಗದ ರಸ.
ಸುಟ್ಟು ಸುಟ್ಟು ಅವಳ ಹೆಬ್ಬೆರಳಲ್ಲಿ ರೇಖೆಯೇ ಉಳಿದಿರಲಿಲ್ಲ,
ಪಿಂಚಣಿ ಕಾಗದದ ಮೇಲೆ ಒತ್ತಿದರೆ
ಬರೀ ಒಂದು ಮಸಿ.
"ಚಿಂದಿ ಸುತ್ತಿಕೋಬಾರದಾ ಅಜ್ಜಿ?"
"ಸುತ್ತಿಕೊಂಡ ಮೇಲೆ
ಬೆರಳಿಗೆ ಬಟ್ಟೆ ಹೇಗೆ ಗೊತ್ತಾಗುತ್ತೋ?"

ಶೆಡ್ಡಿನ ಕಾವಲಿನ ಹಾಜಿ ಮಕ್ಕಿ ಹೇಳುತ್ತಾನೆ:
ಈ ದೇಶದ ಹೆಸರೇ ಎರಡು ಕಡಲು.
ಮುತ್ತಿಗೆ ಮುಳುಗುತ್ತಿದ್ದ ಅವನ ತಾತ
ಉಪ್ಪುನೀರಿನ ತಳದ ಊಟೆಗೆ
ಚರ್ಮದ ಚೀಲದ ಬಾಯಿ ಒಡ್ಡಿ
ಸಿಹಿನೀರು ತುಂಬಿ ತರುತ್ತಿದ್ದನಂತೆ.
ಮೇಲೆ ಉಪ್ಪು, ಕೆಳಗೆ ಸಿಹಿ,
ನಡುವೆ ಗೋಡೆಯಿಲ್ಲ.

ನಾನು ಅದ್ದುವುದನ್ನು ನಿಲ್ಲಿಸಿದೆ.
ಮದ್ದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡಿ
ಹೊರಮೈಗಷ್ಟೇ ಅಲಗಿನಿಂದ ಸವರಿದೆ.
ಒಳಮೈಯನ್ನು ಬೆವರು ಕುಡಿಯಲು ಬಿಟ್ಟೆ.
ಹದಿಮೂರು ಸಲ ನೊರೆ ಆಚೆಗಿಳಿಯಿತು,
ಥಾನುಗಳು ನೆಲ ಒರೆಸಲು ಹೋದವು.
ಹದಿನಾಲ್ಕನೆಯದು ನಿಂತಿತು.
ತೊಂಬತ್ತೊಂದು.
"ಐದು ಕಡಿಮೆ, ಒಂದು ಮೆಟ್ಟಿಲು ಕೆಳಗೆ,"
ರೊಡೆಲ್ ಹಲ್ಲು ಕಚ್ಚಿದ.
ತೊಟ್ಟ ತೊಂಬತ್ತೊಂದೋ,
ಮಡಿಚಿಟ್ಟ ತೊಂಬತ್ತಾರೋ,
ನೀನೇ ಹೇಳು ಎಂದೆ.
ಹೇಳಲಿಲ್ಲ. ಸಹಿ ಹಾಕಿದ.

ಇನ್ನೊಂದು ತೊಡಕಿತ್ತು. ಎರಡು ಮೈಯೂ ಒಂದೇ ಬಿಳುಪು.
ಹೊಲಿಯುವವನು ತಿರುವುಮುರುವು ಮಾಡಿದರೆ
ಆಸಿಡ್ ಕುಡಿದು ಬೆವರನ್ನು ತಳ್ಳುವ ಕೋಟು!
ಅದಕ್ಕೇ ಥಾನಿನ ಒಳಮೈಗೆ
ಮೊಳಕ್ಕೊಂದರಂತೆ
ಸುಡದ ಶಾಯಿಯಲ್ಲಿ ಗುರುತು ಒತ್ತಿದೆ.

ಬದ್ರಿಯಾ ಕಾಲರು ತಿರುವಿ ನೋಡಿದಳು.
"ಏನಿದು, ಅಣಬೆಯಾ?"
"ಕೊಡೆ. ನಮ್ಮೂರ ಮೇಷ್ಟರದು."
"ಇಲ್ಲಿ ಮಳೆಯೆಲ್ಲಿದೆ?" ಎನ್ನುತ್ತಾ
ಎರಡೂ ತೋಳನ್ನು ಮಣಿಕಟ್ಟಿಗೆ ಎಳೆದುಕೊಂಡು
ಲ್ಯಾಬಿನ ಒಳಗೆ ಹೋದಳು.