ಬೀಗರೂಟದ ಮೂಳೆ

ಭಾನುವಾರ ಆರೂವರೆಗೆ ಪೇಟೆಬೀದಿಯ ಹಿಂದೆ
ಇನಾಯತ್ ಅಂಗಡಿಯ ಶಟರು ಅರ್ಧ ಎದ್ದಿರುತ್ತದೆ.
ಬಗ್ಗಿ ನೋಡಿದರೆ ಕೊಕ್ಕೆಗೆ ತೂಗಿದ ಬನ್ನೂರು ಕುರಿ,
ಹುಣಸೆ ಕೊರಡಿನ ಮೇಲೆ ಮಚ್ಚು.
"ನಿಮ್ಗೋ, ನಿಮ್ ನಾಯ್ಗೋ?"
ವಾರ ವಾರವೂ ಅದೇ ಪ್ರಶ್ನೆ, ಅದೇ ನಗು.

ನಾಯಿಗೆ.
ಕತ್ತಿನ ಮೂಳೆ, ಸಣ್ಣಗೆ ಕೊಚ್ಚಬೇಡ,
ಅವಳ ಬಾಯಿಗಿಂತ ದೊಡ್ಡದಿರಲಿ.
ನುಂಗಲು ಬರಬಾರದು, ಕಡಿಯಲೇಬೇಕು.
ನಲ್ಲಿಮೂಳೆ ಬೇಡ.
ಅದರ ಆಸೆ ನಮಗೆ, ತಟ್ಟೆಗೆ ಬಡಿದು ಹೀರುವವರಿಗೆ;
ನಾಯಿಗೆ ಅದು ಹಲ್ಲು ಸೀಳುವ ಕಲ್ಲು.

ಪುಪ್ಪುಸವನ್ನು ಬಲ್ಬಿಗೆ ಹಿಡಿದು ತಿರುಗಿಸುತ್ತಾನೆ,
ಮೇಲೊಂದು ನೀರ್ಗುಳ್ಳೆ.
"ಇದು ಯಾವ್ ನಾಯ್ಗೂ ಬ್ಯಾಡ ಸಾ"
ಎಂದು ಸುಣ್ಣ ಸುರಿದ ಗುಂಡಿಗೆ ಎಸೆಯುತ್ತಾನೆ.
ಹೊರಗೆ ಬಾಲ ಆಡಿಸುತ್ತ ನಿಂತ ನಾಲ್ಕು ಬೀದಿನಾಯಿ
ಅವನಿಗೆ ಶಾಪ ಹಾಕುತ್ತವೇನೋ.

ಇದೆಲ್ಲ ಕಲಿತದ್ದು ಸುಬೇದಾರ ಸತ್ತ ಮೇಲೆ.

ಅಕ್ಕನ ಮಗಳ ಬೀಗರೂಟ, ಮದ್ದೂರಿನ ಹತ್ತಿರ,
ಮಾವಿನ ತೋಪಿನಲ್ಲಿ ಶಾಮಿಯಾನ,
ಮುದ್ದೆಯ ಮೇಲೆ ಮುದ್ದೆ,
ಸಾರಿನ ಬಕೆಟ್ಟು ಓಡಿದ್ದೇ ಓಡಿದ್ದು.
ಎಲೆ ಎತ್ತುವ ಮೊದಲು ಸಾಲಿನುದ್ದಕ್ಕೂ ಹೋಗಿ
ಮೂಳೆ ಆಯ್ದೆ, ನಾಚಿಕೆಯಿಲ್ಲದೆ.
ಬೀಗರ ಕಡೆಯವರೊಬ್ಬರು ಕೇಳಿದರು: ಮನೇಲಿ ಎಷ್ಟು ಜನ?
ಒಬ್ಬನೇ ಅಂದೆ. ಸುಬೇದಾರ.

ಮೆತ್ತಗೆ ಬೆಂದ, ಮಸಾಲೆ ಹೀರಿದ ಮೂಳೆ.
ಹಲ್ಲುದುರಿದ ಹದಿಮೂರರ ಮುದುಕನಿಗೆ
ಇದಕ್ಕಿಂತ ಕರುಣೆ ಉಂಟೆ ಅಂದುಕೊಂಡೆ.

ಮೂರನೆಯ ದಿನ ದನದ ಆಸ್ಪತ್ರೆಯಲ್ಲಿ
ಡಾಕ್ಟರ್ ಚಂದ್ರಕಲಾ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು.
ಬೂದುಬಣ್ಣದ ಹೊಟ್ಟೆಯೊಳಗೆ ಬಿಳಿ ಗೀರು,
ಗೋಣಿ ಹೊಲಿಯುವ ದಬ್ಬಣದ ಹಾಗೆ.
"ಹಸಿದಾದ್ರೆ ಬಾಗುತ್ತೆ ಗೌಡ್ರೇ. ಬೆಂದಿದ್ದು ಗಾಜು."
ಬೈಯಲಿಲ್ಲ.
ಬೈದಿದ್ದರೆ ಹಗುರಾಗುತ್ತಿದ್ದೆ.

ಮೂವತ್ತೊಂದು ವರ್ಷ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ
ಕಬ್ಬಿನ ಗಾಡಿ ತೂಗಿದವನು ನಾನು.
ಆ ಸಂಜೆ ಅವನನ್ನು ಎತ್ತಿದಾಗ
ಎಷ್ಟು ಕೇಜಿ ಎಂದು ಕೈಗೆ ತಿಳಿಯಲಿಲ್ಲ.

ಈಗ ಬೆಲ್ಲ ಇದ್ದಾಳೆ.
ಆಲೆಮನೆಯ ಹಿಂದೆ ಸಿಕ್ಕವಳು,
ಬಣ್ಣವೂ ಅದೇ, ಅಂಟುವುದೂ ಹಾಗೇ.
ಫ್ರೀಜರಿನಲ್ಲಿ ಅವಳದೇ ಡಬ್ಬ,
ಮೇಲೆ ನನ್ನವಳ ಕೈಬರಹದಲ್ಲಿ ಹೆಸರು.
ಹಿಂದಿನ ರಾತ್ರಿ ಕರಗಲೆಂದು ಕೆಳಗಿಟ್ಟದ್ದನ್ನು
ಪಾಯಸಕ್ಕೆಂದು ತೆರೆದ ನಾದಿನಿ ಕಿರುಚಿದ್ದು
ಮೂರು ಮನೆಗೆ ಕೇಳಿಸಿತ್ತು.

ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕ.
ಪಕ್ಕದ ಮನೆಯ ಮಕ್ಕಳನ್ನು ಅಟ್ಟಿ, ಗೇಟು ಹಾಕಿ,
ಮಣೆ ಎಳೆದು ಕೂರುತ್ತೇನೆ,
ಅವಳು ಗುರ್ ಅನ್ನದಷ್ಟು ದೂರ,
ಗಂಟಲಿಗೆ ಸಿಕ್ಕರೆ ಓಡಿ ಮುಟ್ಟುವಷ್ಟು ಹತ್ತಿರ.
ಮುಂಗಾಲಲ್ಲಿ ಅದುಮಿ, ತಲೆ ಓರೆ ಮಾಡಿ,
ಹಿಂದಿನ ಹಲ್ಲಿಗೆ ಕೊಟ್ಟು
ಕಟಕ್.
ಪ್ರತಿ ಕಟಕ್ಕಿಗೂ ನನ್ನ ಹೊಟ್ಟೆ ಒಮ್ಮೆ ಹಿಂಡುತ್ತದೆ.

ಚೂರು ಸಣ್ಣದಾದಾಗ ಕಿತ್ತುಕೊಳ್ಳಬಾರದು,
ವ್ಯಾಪಾರ ಮಾಡಬೇಕು:
ಒಂದು ತುಣುಕು ಮಾಂಸ ತೋರಿಸಿ, ಮೂಳೆ ಕೊಡು ತಾಯಿ.
ಆಮೇಲೆ ಕಲ್ಲಿಗೆ ಕುದಿನೀರು,
ಮೊಣಕೈವರೆಗೆ ನನಗೆ ಸೋಪು.
ಸೋಮವಾರ ಬೆಳಿಗ್ಗೆ ಅವಳ ಹಿಂದೆ ಹೋಗಿ
ಬಗ್ಗಿ ನೋಡುತ್ತೇನೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ
ಬರುವ ವಾರ ಮೂಳೆ ಇಲ್ಲ.
ವಾಕಿಂಗಿನ ಗೆಳೆಯರು ಆ ಹೊತ್ತು ರಸ್ತೆಯ ಆಚೆ ನಡೆಯುತ್ತಾರೆ.

ಇಷ್ಟಾದರೂ ಭಯವಿಲ್ಲ ಎಂದು ಡಾಕ್ಟರು ಹೇಳಿಲ್ಲ.
ಕೂತಿರಿ ಎಂದಿದ್ದಾರೆ, ಅಷ್ಟೇ.

ಬೀಗರೂಟಕ್ಕೆ ಈಗಲೂ ಹೋಗುತ್ತೇನೆ, ಕರೆದರೆ.
ಉಂಡು, ಮೂಳೆಯೆಲ್ಲ ಒಳಗೆ ಸೇರಿಸಿ ಎಲೆ ಮಡಿಸಿ,
ಎದ್ದು ಹಿಂದೆ ಹೋಗುತ್ತೇನೆ,
ಎಂಜಲೆಲೆ ಸುರಿಯುವ ಗುಂಡಿಯ ಕಡೆ.
ಅಲ್ಲಿ ಕೋಲು ಹಿಡಿದು ನಿಂತ ಬಿಳಿಪಂಚೆಯ ಮುದುಕನನ್ನು ನೋಡಿ
ಹುಡುಗಿಯ ಕಡೆಯವರು ತಮ್ಮಲ್ಲೇ ನಗುತ್ತಾರೆ.
ಹಸಿದ ನಾಯಿಗಳು
ನಗುವುದಿಲ್ಲ. ನನ್ನನ್ನೇ ನೋಡುತ್ತ ಕೂರುತ್ತವೆ,
ನಾನು ಹೋಗುವವರೆಗೆ.