ಸೀಗೆಹಟ್ಟಿಗೆ ನೀರು ಬಿಡುವ ಹೊತ್ತು

ನಾನು ನೀರು ಬಿಡುವವನು.
ಮಂಡ್ಲಿಯಿಂದ ಬಂದ ತುಂಗೆಯನ್ನು
ಮಾರುದ್ದದ ಕಬ್ಬಿಣದ ಕೀಲಿಯಿಂದ
ಬೀದಿಬೀದಿಗೆ ಪಾಲು ಹಾಕುವವನು.
ಹನ್ನೊಂದು ಸುತ್ತು ಬಿಚ್ಚಿದರೆ ಸೀಗೆಹಟ್ಟಿ,
ಏಳು ಸುತ್ತು ಕಟ್ಟಿದರೆ ಏರಿನ ಮನೆಗಳಿಗೆ ಒತ್ತಡ.
ತಡವಾದರೆ ಬೈಗುಳ, ಬೇಗ ಬಿಟ್ಟರೆ
ನಿದ್ದೆಗೆಟ್ಟವರ ಬೈಗುಳ.
ಮಗಳು ಹುಟ್ಟಿದ ರಾತ್ರಿಯೂ
ಕೀಲಿ ಸೈಕಲ್ಲಿಗೆ ಕಟ್ಟಿಯೇ ಇತ್ತು
ಮೆಗ್ಗಾನ್ ಆಸ್ಪತ್ರೆಯ ಗೇಟಿನ ಹತ್ತಿರ.

ಅತ್ತಳು.
ಅತ್ತೆ ಮಂಚದ ಕೆಳಗೆ ಬಗ್ಗಿ
'ಈ ಬೆಕ್ಕು ಎಲ್ಲಿಂದ ಹೊಕ್ಕಿತೇ' ಅಂದರು.
ಬೆಕ್ಕು ಇರಲಿಲ್ಲ.

ಎರಡು ಕೇಜಿಗೆ ನೂರು ಗ್ರಾಂ ಕಡಿಮೆ.
ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ನೇತ್ರಾವತಿ ಮಗು' ಎಂದಷ್ಟೇ.
ಮೂರನೇ ದಿನ ಸಿಸ್ಟರ್ ಜಾಹೇದಾ
ಎಡ ಮಗ್ಗುಲಿಗೆ ಹೊರಳಿಸಿದಳು ನೋಡಿ,
ಕಣ್ಣೆದುರೇ ಒಂದು ಮಗು ಎರಡಾಯಿತು:
ಕೆಳಗಿನರ್ಧ ಕುಂಕುಮ ಕದಡಿದ ನೀರು,
ಮೇಲಿನರ್ಧ ಅಕ್ಕಿ ತೊಳೆದದ್ದು.
ಹಣೆಯಿಂದ ಹೊಕ್ಕುಳಕ್ಕೆ
ಗಾರೆಯವನು ದಾರ ಹಿಡಿದು ಎಳೆದಂಥ ಗೆರೆ.
ಪಕ್ಕದ ಕೂಸಿನ ಅಜ್ಜಿ
ಅರ್ಧನಾರೀಶ್ವರ ಎಂದು ಕೈ ಎತ್ತಿದವಳು
ಸಿಸ್ಟರ್ ಮುಖ ನೋಡಿ ಸೆರಗು ಸರಿಮಾಡಿಕೊಂಡಳು.
ನಾಲ್ಕು ನಿಮಿಷ. ಗೋಡೆ ಗಡಿಯಾರ ನಾನೇ ನೋಡಿದೆ.
ಆಮೇಲೆ ಗೆರೆ ಕರಗಿತು,
ಮಗು ಆಕಳಿಸಿತು.
ನೇತ್ರಾವತಿಯ ಉಗುರು ನನ್ನ ಮಣಿಕಟ್ಟಿನಲ್ಲಿ
ಇನ್ನೂ ಇತ್ತು.

ಬಟ್ಟೆ ಬಿಚ್ಚಿದರೆ ಸಾಕು, ಮೈತುಂಬ ನೀಲಿ ಬಲೆ,
ಮಾವ ಗಾಜನೂರಿನಲ್ಲಿ ಬೀಸುವ
ಸಣ್ಣಕಣ್ಣಿನ ಬಲೆಯಂಥದ್ದು.
ಪಾದ ತಣ್ಣಗೆ, ನೆತ್ತಿ ಬೆಚ್ಚಗೆ.
ರಕ್ತ ಮಣಿಪಾಲಕ್ಕೆ ಹೋಯಿತು,
ಇಪ್ಪತ್ತೆರಡನೇ ದಿನ ಕಾಗದ ಬಂತು.

ಡಾಕ್ಟರಮ್ಮ ಔಷಧಿ ಚೀಟಿಯ ಹಿಂದೆ ಬರೆದು ತೋರಿಸಿದರು:
ಇದು ಐದನೇ ವರ್ಣತಂತು, ಇದು ಅದರ ಗಿಡ್ಡ ತೋಳು,
ಇಲ್ಲಿ, ತುದಿಯಲ್ಲಿ, ಒಂದು ಚೂರು ಇಲ್ಲ.
ಬೆಕ್ಕಿನಂಥ ಆ ಅಳು ಅದರದೇ.
ಅರ್ಧ ಕೆಂಪಾಗುವುದು ಬೇರೆ ಮಕ್ಕಳಿಗೂ ಉಂಟು,
ಬರುತ್ತದೆ, ಹೋಗುತ್ತದೆ;
ಇವಳಿಗೆ ಎಷ್ಟು ದಿನವೋ, ಹೇಳಲಾರೆ.
ನಾಳ ಎಲ್ಲಿ ಹಿಗ್ಗಬೇಕು, ಎಲ್ಲಿ ಬಿಗಿಯಬೇಕು,
ಆ ಹೇಳಿಕೆ ಸರಿಯಾಗಿ ತಲುಪುತ್ತಿಲ್ಲ.
ಅರ್ಥವಾಯಿತಾ?

ನನಗೆ ಅರ್ಥವಾಗದೆ?
ನಮ್ಮ ಕಚೇರಿಯಲ್ಲೊಂದು ಹಳೇ ನಕಾಶೆ,
ಮೂಲೆಯೊಂದು ಗೆದ್ದಲ ಪಾಲು.
ಆ ಮೂಲೆಯಲ್ಲೂ ಬೀದಿ ಇದೆ, ಮನೆ ಇದೆ,
ಕೊಡ ಹಿಡಿದು ನಿಂತ ಹೆಂಗಸರಿದ್ದಾರೆ.
ವಾಲ್ವು ಎಲ್ಲಿದೆಯೆಂದು ಬಲ್ಲವನು ಹಾಲಪ್ಪ ಒಬ್ಬ,
ಬರೆದಿಡದೆ ಸತ್ತ.
ಅಂದಾಜಿನಲ್ಲಿ ಅಗೆಯುತ್ತೇವೆ.
ಒಂದು ದಿನ ಒಂದು ಮನೆಗೆ ಮಹಾಪೂರ,
ಎದುರು ಮನೆಯ ನಲ್ಲಿಯಲ್ಲಿ ಬರೀ ಗಾಳಿ.
ಹಾಗಂತ ಆ ಬೀದಿಯನ್ನು
ಊರಿನಿಂದ ತೆಗೆದುಹಾಕಿದವರಿಲ್ಲ.

ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಲಿಲ್ಲ.
'ಆಯ್ತು' ಅಂದೆ.

ಈಗ ದಿನಾ ಬೆಳಗಿನ ಜಾವ ಮೂರಕ್ಕೆ ನನ್ನ ಪಾಳಿ.
ಅಂಗಿ ಬಿಚ್ಚಿ ಕುರ್ಚಿಗೊರಗಿ ಕೂರುತ್ತೇನೆ,
ಜಾಹೇದಾ ಅವಳನ್ನು ನನ್ನೆದೆಗೆ ಇಳಿಸುತ್ತಾಳೆ,
ಮೇಲೊಂದು ಹೊದಿಕೆ.
ಎಷ್ಟು ಸೋಪು ಹಾಕಿ ತಿಕ್ಕಿದರೂ ಕೈಗೆ ತುಕ್ಕಿನ ವಾಸನೆ.
ಅವಳಿಗದು ಅಪ್ಪನ ವಾಸನೆ ಇರಬಹುದು.
ರಾತ್ರಿ ನೆಲದಡಿ ನೀರು ಹೊರಟಿತೋ ಇಲ್ಲವೋ ಎಂದು
ಕೀಲಿಗೆ ಕಿವಿಯಿಟ್ಟು ಕೇಳುವುದು ನನ್ನ ಕಸುಬು.
ಹಾಗೇ ಕೇಳುತ್ತೇನೆ.
ದೂರದಿಂದ ಏನೋ ಹೊರಟ ಸದ್ದು,
ನಡುವೆ ಎಲ್ಲೋ ತಡವರಿಸಿ, ಮತ್ತೆ.
ಒಮ್ಮೊಮ್ಮೆ ಬಲೆಯ ಕಣ್ಣು ಒಂದೊಂದಾಗಿ ಸಡಿಲುತ್ತವೆ,
ಬೆರಳ ತುದಿಗೆ ಬಣ್ಣ ಬರುತ್ತದೆ.
ಒಮ್ಮೊಮ್ಮೆ ಬರುವುದಿಲ್ಲ.

ನಿನ್ನೆ ಬರಲು ನಾಲ್ಕೂಮುಕ್ಕಾಲಾಯಿತು.
ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು.
ಸೀಗೆಹಟ್ಟಿಯವರೇ, ನೀರು ತಡವಾಯಿತು.
ಬೈಯಿರಿ.
ಆದರೆ ಸ್ವಲ್ಪ ಮೆಲ್ಲಗೆ,
ಈಗಷ್ಟೇ ಮಲಗಿದ್ದಾಳೆ.